10 ಸೆಕೆಂಡಿನಲ್ಲಿ 5 ಗುಂಡು

ಅಮೆರಿಕದ ಬುಲ್ಸ್‌ಐ ಪಿಸ್ತೂಲು ಸ್ಪರ್ಧೆಯಲ್ಲಿ ರ‍್ಯಾಪಿಡ್ ಫೈರ್ ಎಂಬ ಸುತ್ತು ಇದೆ. 25 ಗಜ ದೂರದ ಗುರಿಗೆ 10 ಸೆಕೆಂಡಿನಲ್ಲಿ 5 ಗುಂಡು ಹೊಡೆಯಬೇಕು. ಒಂದು ಕೈಯಲ್ಲಿ. ನಡುವೆ ಪಿಸ್ತೂಲು ಸಿಕ್ಕಿಕೊಂಡರೆ ಲಯವೆಲ್ಲ ಹಾಳು. ಅಲ್ಲಿ ಬಹಳ ಜನ ಖಾಲಿ ಕೇಸಿಗೆ, ಅಂದರೆ ಕಾಡತೂಸಿನ ಲೋಹದ ಕವಚಕ್ಕೆ, ಮದ್ದು ಹಾಕಿ ಗುಂಡು ಕೂರಿಸಿ ಕಾಡತೂಸನ್ನು ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ. ಸಿಕ್ಕಿಕೊಳ್ಳುವ ತಲೆನೋವೂ ಹೆಚ್ಚಾಗಿ ಅಲ್ಲಿಂದಲೇ ಶುರು.

ಜಾನ್ ಬ್ರೌನಿಂಗ್ ರೂಪಿಸಿದ 1911 ಪಿಸ್ತೂಲನ್ನೇ ನೋಡಿ. ಖಾಲಿ ಕೇಸನ್ನು ಹೊರಗೆಸೆದು ಮುಂದಿನ ಕಾಡತೂಸನ್ನು ಒಳಗೆ ತಳ್ಳುವ ಶಕ್ತಿ ಅದಕ್ಕೆ ಸಿಗುವುದು ಗುಂಡಿನ ಒದೆತದಿಂದ. ಸೇನೆಯ .45 (ಇಂಚಿನಲ್ಲಿ ಗುಂಡಿನ ವ್ಯಾಸ) ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ 250 ಮೀಟರ್ ಆಸುಪಾಸು. ಹಿಂದೆ ಸರಿಯುವ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಮತ್ತು ಬ್ಯಾರೆಲ್ (ನಳಿಗೆ) ಸೇರಿ ಅರ್ಧ ಕಿಲೋ ಹತ್ತಿರ. ಗುಂಡಿನ ಸಂವೇಗವನ್ನು ಈ ತೂಕದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 7.5 ಮೀಟರ್ ಬರುತ್ತದೆ. ಶಾಲೆಯ ಲೆಕ್ಕ ಅಷ್ಟೇ, ಆದರೆ ಇಡೀ ಯಂತ್ರ ಓಡುವುದು ಇದರ ಮೇಲೆ.

ಗುರಿಕಾರರಿಗೆ ಇಷ್ಟು ಒದೆತ ಬೇಡ. ಹಗುರ ಗುಂಡು, ಕಡಿಮೆ ಮದ್ದು ಹಾಕುತ್ತಾರೆ. ಆಗ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸನ್ನು ಕಚ್ಚಿಕೊಂಡುಬಿಡಬಹುದು. ಕೇಸ್ ಒಲೆಯ ಹೊಗೆಕೊಳವೆ ಹಾಗೆ ನೆಟ್ಟಗೆ ನಿಲ್ಲುವುದರಿಂದ ಅವರು ಇದನ್ನು ಸ್ಟವ್‌ಪೈಪ್ ಅನ್ನುತ್ತಾರೆ. ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ಮಾಮೂಲಿ 16 ಪೌಂಡಿನ ಸ್ಪ್ರಿಂಗ್ ತೆಗೆದು ಹಗುರದ್ದು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೀರಾ ಹಗುರವಾದರೆ ಬೇರೆ ಕಾಟ: ಮುಂದಿನ ಕಾಡತೂಸನ್ನು ತಳ್ಳಿ ಮುಚ್ಚುವುದೂ ಅದೇ ಸ್ಪ್ರಿಂಗ್ ಅಲ್ವಾ?

ಮುಚ್ಚುವ ಕಡೆ ಆಟವಾಡುವುದು ಅಳತೆ. .45 ಕಾಡತೂಸು ಚೇಂಬರಿನಲ್ಲಿ (ಬ್ಯಾರೆಲಿನ ಹಿಂದಿನ ಗೂಡು) ನಿಲ್ಲಬೇಕಾದದ್ದು ಕೇಸಿನ ಬಾಯಂಚಿನ ಮೇಲೆ. ಗುಂಡು ಕೂರಿಸಲು ಆ ಬಾಯನ್ನು ಕೊಂಚ ಅಗಲ ಮಾಡಿರುತ್ತಾರೆ. ಆಮೇಲೆ ಅದನ್ನು ಮತ್ತೆ ನೇರ ಮಾಡದಿದ್ದರೆ ಸ್ಲೈಡ್ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ವಿಪರೀತ ಒತ್ತಿದರೆ ಬಾಯಂಚೇ ಉಳಿಯುವುದಿಲ್ಲ, ಕಾಡತೂಸು ಬೇಕಾದ್ದಕ್ಕಿಂತ ಒಳಗೆ ಹೋಗುತ್ತದೆ. ಪರೀಕ್ಷೆ ಸುಲಭ. ಪಿಸ್ತೂಲಿನಿಂದ ಬ್ಯಾರೆಲನ್ನು ಬಿಚ್ಚಿ ತೆಗೆದು, ಅದರೊಳಗೆ ಕಾಡತೂಸನ್ನು ಸುಮ್ನೆ ಬಿಡುವುದು. ಟಪ್ ಎಂದು ಕೂತು, ತಿರುಗಿಸಿದಾಗ ತಾನೇ ಕೆಳಗೆ ಬಿದ್ದರೆ ಸರಿ.

ಗುಂಡು ಎಷ್ಟು ಆಳಕ್ಕೆ ಕೂತಿದೆ ಎಂಬುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾಡತೂಸಿನ ಉದ್ದ ಜಾಸ್ತಿಯಾದರೆ ಅದು ಮ್ಯಾಗಜೀನಿನಲ್ಲಿ (ಕಾಡತೂಸುಗಳನ್ನು ಇಡುವ ಪೆಟ್ಟಿಗೆ) ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಆದರೆ ಸಡಿಲ ಗುಂಡು ಒಳಬರುವಾಗ ಬಡಿದು ಕೇಸಿನೊಳಗೆ ಜರುಗಿದರೆ ಮದ್ದಿಗೆ ಇರುವ ಜಾಗ ಕುಗ್ಗುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಮದ್ದು ತಯಾರಕರು ಪ್ರಕಟಿಸುವ ಕೋಷ್ಟಕದಲ್ಲಿ ಮದ್ದಿನ ತೂಕದ ಜೊತೆ ಕಾಡತೂಸಿನ ಉದ್ದವನ್ನೂ ಕೊಡುವುದು ಇದಕ್ಕೇ.

ಎಲ್ಲ ಸರಿಯಿದ್ದೂ ಸಿಕ್ಕಿಕೊಂಡರೆ ಮಣಿಕಟ್ಟು ನೋಡಬೇಕು. ಕೈ ಸಡಿಲವಿದ್ದರೆ ಸ್ಲೈಡಿನ ಜೊತೆ ಇಡೀ ಪಿಸ್ತೂಲು ಹಿಂದೆ ಹೋಗುತ್ತದೆ. ಸ್ಲೈಡಿಗೆ ಬೇಕಾದ ಓಟ ಸಿಗುವುದಿಲ್ಲ. ಹಗುರ ಮದ್ದಿನಲ್ಲಿ ಇದು ಇನ್ನೂ ಜಾಸ್ತಿ. ಅದಕ್ಕೇ ಸ್ಪ್ರಿಂಗ್ ಬದಲಿಸುವ ಮೊದಲು ಅದೇ ಪಿಸ್ತೂಲು, ಅದೇ ಕಾಡತೂಸನ್ನು ಇನ್ನೊಬ್ಬ ಅನುಭವಿಯ ಕೈಗೆ ಕೊಟ್ಟು ನೋಡುವುದು ಒಳ್ಳೆಯದು.