ಗಲಭೆ ಮುಗಿದ ಮೇಲೆ ಸೇರುವ ಸಭೆ: ವರ್ಣಭೇದದ ಬಗ್ಗೆ ಅಮೆರಿಕ ಮಾತಾಡಲು ಕಲಿತ ಬಗೆ

1919ರ ಜುಲೈ 27. ಷಿಕಾಗೋ ನಗರದ ಮಿಷಿಗನ್ ಸರೋವರದಲ್ಲಿ 17 ವರ್ಷದ ಕಪ್ಪು ಹುಡುಗ ಯೂಜೀನ್ ವಿಲಿಯಮ್ಸ್ ಗೆಳೆಯರ ಜೊತೆ ತೆಪ್ಪದ ಮೇಲೆ ತೇಲುತ್ತಿದ್ದ. ನೀರಿನ ಮೇಲೆ ಯಾವ ಗೆರೆಯೂ ಇರಲಿಲ್ಲ. ಆದರೂ ಇಲ್ಲಿಯವರೆಗೆ ಕಪ್ಪು ಜನ, ಅಲ್ಲಿಂದಾಚೆ ಬಿಳಿಯರು ಎಂಬುದು ಊರಿಗೆಲ್ಲ ಗೊತ್ತಿದ್ದ ಲೆಕ್ಕ. ತೆಪ್ಪ ಆಚೆ ಸರಿಯಿತು. ಬಿಳಿಯನೊಬ್ಬ ಕಲ್ಲು ಬೀಸಿದ. ಹುಡುಗ ಮುಳುಗಿ ಸತ್ತ. ಕಲ್ಲು ಬೀಸಿದವನನ್ನು ಹಿಡಿಯಿರಿ ಎಂದರೂ ಅಲ್ಲಿದ್ದ ಪೊಲೀಸ್ ಹಿಡಿಯಲಿಲ್ಲ. ಮುಂದೆ ಸುಮಾರು ಒಂದು ವಾರ ನಗರ ಹೊತ್ತಿ ಉರಿಯಿತು. 23 ಕಪ್ಪು ಜನ, 15 ಬಿಳಿಯರು ಸತ್ತರು.

ಇದಾದ ಮೇಲೆ ಆರು ಮಂದಿ ಕಪ್ಪು ಜನ ಮತ್ತು ಆರು ಮಂದಿ ಬಿಳಿಯರಿದ್ದ ಒಂದು ಆಯೋಗ ನೇಮಕವಾಯಿತು. ಮನೆ, ಕೆಲಸ, ಪೊಲೀಸ್, ಪತ್ರಿಕೆಗಳ ವರದಿ ಹೀಗೆ ಎಲ್ಲವನ್ನೂ ಅವರು ತಡಕಿದರು. 1922ರಲ್ಲಿ ದಪ್ಪ ವರದಿ ಬಂತು. ಅದನ್ನು ಸಿದ್ಧಪಡಿಸುವುದರಲ್ಲಿ ಹೆಚ್ಚು ದುಡಿದವರು ಚಾರ್ಲ್ಸ್ ಎಸ್. ಜಾನ್ಸನ್ ಎಂಬ ಕಪ್ಪು ಸಮಾಜಶಾಸ್ತ್ರಜ್ಞ. ಇವರ ಹೆಸರು ಮುಂದೆ ಮತ್ತೆ ಬರುತ್ತದೆ.

ಇವತ್ತು ಅಮೆರಿಕದ ಗ್ರಂಥಾಲಯ, ಚರ್ಚು, ಕಾಲೇಜುಗಳಲ್ಲಿ ವರ್ಣಭೇದದ ಬಗ್ಗೆ ಜನ ಕೂತು ಓದುವ, ಮಾತಾಡುವ ಕಾರ್ಯಕ್ರಮಗಳು ಮಾಮೂಲಾಗಿವೆ. ಇವು ಒಳ್ಳೆಯ ಮನಸ್ಸಿನಿಂದ ತಾವಾಗಿ ಹುಟ್ಟಿದವಲ್ಲ. ಹೆಚ್ಚಿನವು ರಕ್ತ ಹರಿದ ಮೇಲೆ ಹುಟ್ಟಿದವು. ಅದೇ 1919ರಲ್ಲಿ ಅಟ್ಲಾಂಟಾದಲ್ಲಿ ಎರಡೂ ಕಡೆಯ ಮುಖಂಡರ ಸಹಕಾರ ಸಮಿತಿಯೊಂದು ಶುರುವಾಯಿತು. 1921ರಲ್ಲಿ ಬಹಾಯಿ ಪಂಥದವರು ವಾಷಿಂಗ್ಟನ್ನಿನಲ್ಲಿ ಜನಾಂಗಗಳ ಸ್ನೇಹ ಸಮ್ಮೇಳನ ನಡೆಸಿದರು. 1923ರಿಂದ ಪ್ರಾಟೆಸ್ಟೆಂಟ್ ಚರ್ಚುಗಳು ವರ್ಷಕ್ಕೊಂದು ಭಾನುವಾರವನ್ನು ಇದಕ್ಕೇ ಮೀಸಲಿಟ್ಟವು. ಈ ಜನರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅಟ್ಲಾಂಟಾದ ಸಮಿತಿ ಗುಂಪುಹತ್ಯೆಯನ್ನು ವಿರೋಧಿಸಿತೇ ಹೊರತು ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಸೀಟು, ಬೇರೆ ನಲ್ಲಿ ಎಂಬ ಕಾನೂನನ್ನು ಬಹಳ ಕಾಲ ಪ್ರಶ್ನಿಸಲೇ ಇಲ್ಲ. ಸಭೆಯಲ್ಲಿ ಕೈಕುಲುಕಿದವರು ಹೊರಗೆ ಬಂದ ಮೇಲೆ ಬೇರೆ ಬೇರೆ ಬಾಗಿಲಿಗೆ ಹೋಗಬೇಕಿತ್ತು.

ಕಾರ್ಟರ್ ಜಿ. ವುಡ್ಸನ್ ಹಿಡಿದ ದಾರಿ ಬೇರೆ. ಅವರ ತಂದೆ ತಾಯಿ ಗುಲಾಮಗಿರಿಯಲ್ಲಿ ಹುಟ್ಟಿದವರು. ವುಡ್ಸನ್ ಗಣಿಯಲ್ಲಿ ದುಡಿದು, ಓದಿ, ಹಾರ್ವರ್ಡ್‌ನಲ್ಲಿ ಇತಿಹಾಸದ ಡಾಕ್ಟರೇಟ್ ಪಡೆದರು. ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಎಂದು ಕಲಿಸುವ ದೇಶದಲ್ಲಿ ಸುಮ್ನೆ ಸ್ನೇಹದ ಮಾತಾಡಿ ಏನು ಪ್ರಯೋಜನ, ಅಲ್ವಾ? 1926ರ ಫೆಬ್ರವರಿಯಲ್ಲಿ ಅವರು ಕಪ್ಪು ಜನರ ಇತಿಹಾಸಕ್ಕಾಗಿ ಒಂದು ವಾರದ ಆಚರಣೆ ಶುರುಮಾಡಿದರು. ಶಾಲೆ, ಚರ್ಚು, ಮಹಿಳಾ ಸಂಘಗಳು ಅದನ್ನು ಕೈಗೆತ್ತಿಕೊಂಡವು. ಐವತ್ತು ವರ್ಷದ ಬಳಿಕ, 1976ರಲ್ಲಿ, ಆ ವಾರ ಇಡೀ ತಿಂಗಳಾಯಿತು.

1943ರಲ್ಲಿ ಡೆಟ್ರಾಯಿಟ್ ಗಲಭೆಯಲ್ಲಿ 34 ಜನ ಸತ್ತರು. ಮರುವರ್ಷವೇ ಜಾನ್ಸನ್ ನ್ಯಾಷ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಕಮ್ಮಟ ಶುರುಮಾಡಿದರು. ಶಿಕ್ಷಕರು, ಪಾದ್ರಿಗಳು, ಸಮಾಜ ಕಾರ್ಯಕರ್ತರು ಬಣ್ಣದ ಭೇದವಿಲ್ಲದೆ ಬಂದು ಕಲಿತರು. 1946ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಇನ್ನೊಂದು ಕಮ್ಮಟ ನಡೆಯಿತು. ನಡೆಸಿದವರು ಹಿಟ್ಲರನ ಜರ್ಮನಿ ಬಿಟ್ಟು ಬಂದ ಯಹೂದಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್. ಹಗಲಿನ ಚರ್ಚೆ ಹೇಗೆ ನಡೆಯಿತು ಎಂದು ಸಂಶೋಧಕರು ಸಂಜೆ ಕೂತು ಮಾತಾಡಿಕೊಳ್ಳುತ್ತಿದ್ದರು. ಕಮ್ಮಟಕ್ಕೆ ಬಂದಿದ್ದ ಕೆಲವರು ನಾವೂ ಕೇಳುತ್ತೇವೆ ಎಂದರು. ತಮ್ಮ ಬಗ್ಗೆ ಆಡಿದ ಮಾತು ಕೇಳಿ, ಹಾಗಲ್ಲ ಎಂದು ವಾದಿಸಿದರು. ಹಗಲಿಗಿಂತ ಆ ಸಂಜೆಗಳಲ್ಲೇ ಕಲಿಕೆ ಜಾಸ್ತಿಯಾಯಿತು. ನಾನು ಆಡಿದ್ದು ನಿಮಗೆ ಹೇಗೆ ಕೇಳಿಸಿತು ಎಂದು ಎದುರಿಗಿದ್ದವರಿಂದಲೇ ತಿಳಿಯುವ ಈ ಕ್ರಮ ಮುಂದೆ ಕಂಪನಿಗಳ ತರಬೇತಿಗೂ ಹೋಯಿತು. ಬೇಸರದ ಸಂಗತಿಯೆಂದರೆ, ಅಲ್ಲಿ ಕ್ರಮ ಉಳಿಯಿತು, ಅದು ಹುಟ್ಟಿದ ಕಾರಣ ಬಹುಪಾಲು ಮರೆತುಹೋಯಿತು.

ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಟೆನೆಸೀ ರಾಜ್ಯದ ಗುಡ್ಡಗಾಡಿನಲ್ಲಿದ್ದ ಹೈಲ್ಯಾಂಡರ್ ಶಾಲೆ. 1932ರಲ್ಲಿ ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ ಎಂಬ ಬಿಳಿಯ ಯುವಕರು ಕಾರ್ಮಿಕರಿಗೆಂದು ಕಟ್ಟಿದ ಶಾಲೆ ಅದು. ಇಪ್ಪತ್ತು ವರ್ಷದಲ್ಲಿ ಅದು ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ತಿರುಗಿತು. ಅಲ್ಲಿ ಎಲ್ಲರಿಗೂ ಒಂದೇ ಊಟದ ಮೇಜು. ಒಟ್ಟಿಗೆ ತಂಗುವುದು, ಒಟ್ಟಿಗೆ ಪಾತ್ರೆ ತೊಳೆಯುವುದು. ಆ ರಾಜ್ಯದಲ್ಲಿ ಎರಡೂ ಬಣ್ಣದವರು ಒಂದೇ ಶಾಲೆಯಲ್ಲಿ ಕಲಿಯುವುದೇ ಕಾನೂನಿಗೆ ವಿರುದ್ಧವಾಗಿತ್ತು. ಸಮಾನತೆಯ ಬಗ್ಗೆ ಭಾಷಣ ಮಾಡುವ ಬದಲು ಅವರು ಸಮಾನರಾಗಿ ಬದುಕಿ ತೋರಿಸಿದರು.

1955ರ ಬೇಸಿಗೆಯಲ್ಲಿ ಅಲ್ಲಿ ಎರಡು ವಾರದ ಕಮ್ಮಟ. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತ್ತು, ಅದನ್ನು ಜಾರಿಗೆ ತರುವುದು ಹೇಗೆ ಎಂಬುದೇ ವಿಷಯ. ಅಲಬಾಮಾ ರಾಜ್ಯದ ಮಾಂಟ್ಗಮರಿಯಿಂದ ಬಂದಿದ್ದ 42 ವರ್ಷದ ಹೊಲಿಗೆ ಕೆಲಸದ ಮಹಿಳೆ ಮೊದಮೊದಲು ಬಾಯಿಯೇ ಬಿಡಲಿಲ್ಲ. ಅವರೇ ರೋಸಾ ಪಾರ್ಕ್ಸ್. ಪಾಠ ನಡೆಸುತ್ತಿದ್ದ ಸೆಪ್ಟಿಮಾ ಕ್ಲಾರ್ಕ್ ನಿಧಾನವಾಗಿ ಅವರನ್ನು ಮಾತಿಗೆಳೆದರು. ಕಮ್ಮಟದ ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ: ಊರಿಗೆ ಹೋಗಿ ಏನು ಮಾಡುತ್ತೀರಿ? ನಮ್ಮೂರಿನಲ್ಲಿ ಜನ ಒಗ್ಗೂಡುವುದಿಲ್ಲ, ಆದರೂ ಹುಡುಗರ ಜೊತೆ ಕೆಲಸ ಮಾಡುತ್ತೇನೆ ಎಂದರು ಪಾರ್ಕ್ಸ್. ಡಿಸೆಂಬರ್ 1ರಂದು ಅವರು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ, ಪೊಲೀಸರು ಅವರನ್ನು ಬಂಧಿಸಿದರು. ಅದನ್ನು ಪ್ರತಿಭಟಿಸಿ ಆ ಊರಿನ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಎರಡು ವಾರದ ಕಮ್ಮಟದಿಂದಲೇ ಇದೆಲ್ಲ ಆಯಿತು ಎನ್ನುವುದು ತಪ್ಪು. ಅವರು ಹತ್ತಾರು ವರ್ಷದಿಂದ ಹೋರಾಟದಲ್ಲಿ ಇದ್ದವರು. ಆದರೆ ಬಿಳಿಯರ ನಡುವೆ ಅಂಜಿಕೆಯಿಲ್ಲದೆ ದಿನ ಕಳೆಯುವುದು ಸಾಧ್ಯ ಎಂಬ ಅನುಭವ ಅವರಿಗೆ ಸಿಕ್ಕಿದ್ದು ಅಲ್ಲಿ. ಅದನ್ನು ಅವರೇ ಹೇಳಿಕೊಂಡಿದ್ದಾರೆ.

1957ರಲ್ಲಿ ಹೈಲ್ಯಾಂಡರ್ ನೆರವಿನಿಂದ ಸೌತ್ ಕ್ಯಾರೊಲಿನಾದ ಜಾನ್ಸ್ ದ್ವೀಪದಲ್ಲಿ ರಾತ್ರಿ ಶಾಲೆ ಶುರುವಾಯಿತು. ಅಲ್ಲಿ ಓದು ಬರಹದ ಪರೀಕ್ಷೆ ಪಾಸಾಗದೆ ಮತದಾರರಾಗಿ ಹೆಸರು ಬರೆಸುವಂತಿರಲಿಲ್ಲ. ಮುಂದೆ ದಿನಸಿ ಅಂಗಡಿ, ಹಿಂದೆ ಪಾಠ. ಬಿಳಿಯರಿಗೆ ಅನುಮಾನ ಬರಬಾರದು ಎಂದೇ ಹೀಗೆ. ಪಾಠ ಹೇಳಿದ ಬರ್ನಿಸ್ ರಾಬಿನ್ಸನ್ ಕೂದಲು ಸಿಂಗರಿಸುವ ವೃತ್ತಿಯವರು. ನಾನು ಟೀಚರ್ ಅಲ್ಲ, ನಿಮಗೇನು ಬೇಕೋ ಹೇಳಿ ಎಂದೇ ಅವರು ಪಾಠ ಆರಂಭಿಸಿದರು. 1961ರಲ್ಲಿ ಟೆನೆಸೀ ಸರ್ಕಾರ ಹೈಲ್ಯಾಂಡರಿನ ಪರವಾನಗಿ ಕಿತ್ತುಕೊಂಡಿತು, ಆಸ್ತಿ ಹರಾಜಾಯಿತು. ಬರೀ ಕೈಕುಲುಕುವ ಸಭೆಗಳಿಗೆ ಯಾವ ಸರ್ಕಾರವೂ ಇಷ್ಟು ಹೆದರಿರಲಿಲ್ಲ. ಶಾಲೆ ಹೊಸ ಹೆಸರಿನಲ್ಲಿ ಮತ್ತೆ ನಿಂತಿತು, ಈಗಲೂ ಇದೆ.

ಅಷ್ಟರಲ್ಲಿ ದಕ್ಷಿಣ ಆಫ್ರಿಕಾದ ಷಾರ್ಪ್‌ವಿಲ್‌ನಲ್ಲಿ 1960ರ ಮಾರ್ಚ್ 21ರಂದು ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದಿದ್ದರು. 1966ರಲ್ಲಿ ವಿಶ್ವಸಂಸ್ಥೆ ಆ ದಿನವನ್ನು ಜನಾಂಗೀಯ ತಾರತಮ್ಯದ ವಿರುದ್ಧದ ದಿನವೆಂದು ಸಾರಿತು. ಈಗ ಹಲವು ದೇಶಗಳಲ್ಲಿ ಇಂಥ ಕಾರ್ಯಕ್ರಮಗಳು ಮಾರ್ಚ್‌ನಲ್ಲಿ ಹೆಚ್ಚಾಗಿ ನಡೆಯಲು ಅದೇ ಕಾರಣ.

1992ರಲ್ಲಿ ಲಾಸ್ ಏಂಜಲೀಸ್ ಹೊತ್ತಿಕೊಂಡಿತು. ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಬಡಿದ ಪೊಲೀಸರನ್ನು ಜ್ಯೂರಿ ತಪ್ಪಿತಸ್ಥರು ಎನ್ನಲಿಲ್ಲ ಎಂಬುದೇ ಕಿಡಿ. ದೂರದ ಒಹಾಯೊ ರಾಜ್ಯದ ಲಿಮಾ ಎಂಬ ಸಣ್ಣ ಊರಿನ ಮೇಯರ್, ನಾಳೆ ಇದು ನಮ್ಮಲ್ಲೂ ಆಗಬಹುದು ಎಂದು ಪಾದ್ರಿಗಳನ್ನು ಸೇರಿಸಿದರು. ಊರಿನ ತುಂಬ ಓದು ಬಳಗಗಳು ಎದ್ದವು. ಸ್ವೀಡನ್ನಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಕ್ರಮ ಇದು. ಬಳಗಕ್ಕೆ ಹತ್ತು ಹನ್ನೆರಡು ಜನ, ಪಕ್ಷ ವಹಿಸದೆ ಮಾತು ನಡೆಸಿಕೊಡುವ ಒಬ್ಬರು, ವಾರ ವಾರ ಭೇಟಿ. ಮೊದಲು ತಮ್ಮ ಅನುಭವ, ಆಮೇಲೆ ಊರಿನ ಸಮಸ್ಯೆ, ಕೊನೆಗೆ ಏನು ಮಾಡೋಣ ಎಂಬ ಮಾತು. ಇದು ಬೇರೆ ಅನೇಕ ಊರುಗಳಿಗೆ ಮಾದರಿಯಾಯಿತು.

ಆದರೆ ಅದೇ ಲಿಮಾದಲ್ಲಿ 2008ರ ಜನವರಿಯಲ್ಲಿ ಪೊಲೀಸರು ದಾಳಿ ನಡೆಸಿದಾಗ ಮಗುವನ್ನೆತ್ತಿಕೊಂಡಿದ್ದ ಕಪ್ಪು ತಾಯಿಯೊಬ್ಬರು ಗುಂಡೇಟಿಗೆ ಬಲಿಯಾದರು. ಗುಂಡು ಹಾರಿಸಿದ ಅಧಿಕಾರಿಯನ್ನು ಜ್ಯೂರಿ ನಿರ್ದೋಷಿ ಎಂದಿತು. ಬಳಗದಲ್ಲಿ ನೆರೆಹೊರೆಯವರ ಮನಸ್ಸು ಬದಲಾಗಬಹುದು. ಪೊಲೀಸ್ ಇಲಾಖೆಯ ನಿಯಮ, ನೇಮಕಾತಿ, ಬಂದೂಕು ಎತ್ತುವ ರೀತಿ ಅಷ್ಟರಿಂದ ಬದಲಾಗುವುದಿಲ್ಲ. ಆ ಊರಿನ ಜನ ಮಾಡಿದ್ದು ವ್ಯರ್ಥ ಎಂದು ನಾನು ಹೇಳಲಾರೆ. ಏನು ಮಾಡೋಣ ಎಂಬ ಕೊನೆಯ ಭಾಗ ಇಲಾಖೆಯ ಬಾಗಿಲವರೆಗೂ ಹೋಗಬೇಕು, ಅಷ್ಟೇ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಇಡೀ ದೇಶಕ್ಕೇ ಇಂಥ ಸಂವಾದ ಏರ್ಪಡಿಸಿದರು. ಇತಿಹಾಸಕಾರ ಜಾನ್ ಹೋಪ್ ಫ್ರಾಂಕ್ಲಿನ್ ಅಂಥವರ ಮುಂದಾಳತ್ವವಿದ್ದರೂ ಅದರಿಂದ ದೊಡ್ಡ ಕಾನೂನೇನೂ ಹೊರಬರಲಿಲ್ಲ.

ಈಚಿನ ಕೆಲಸಗಳಲ್ಲಿ ಬಹಳ ತಟ್ಟುವುದು ಮಾಂಟ್ಗಮರಿಯದೇ. ವಕೀಲ ಬ್ರಯನ್ ಸ್ಟೀವನ್ಸನ್ ಕಟ್ಟಿದ ಸಂಸ್ಥೆ 1877ರಿಂದ 1950ರವರೆಗಿನ 4,400ಕ್ಕೂ ಹೆಚ್ಚು ಗುಂಪುಹತ್ಯೆಗಳನ್ನು ದಾಖಲಿಸಿದೆ. 2018ರಲ್ಲಿ ತೆರೆದ ಸ್ಮಾರಕದಲ್ಲಿ ಕೊಲೆ ನಡೆದ ಒಂದೊಂದು ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶಕ್ಕೂ, ಒಂದೊಂದು ಉಕ್ಕಿನ ಕಂಬ. ಆಯಾ ಊರಿನವರು ಕೊಲೆ ನಡೆದ ಜಾಗಕ್ಕೆ ಹೋಗಿ, ಮಣ್ಣು ತೆಗೆದು, ಸತ್ತವರ ಹೆಸರು ಬರೆದ ಜಾಡಿಗಳಲ್ಲಿ ತುಂಬುತ್ತಾರೆ. ಮಣ್ಣು ತೆಗೆಯಲು ಬಂದವರು ಕೂತು ಮಾತಾಡದೆ ಇರಲು ಆಗುವುದಿಲ್ಲ. ಈ ಮಾತಿಗೆ ಒಂದು ಜಾಗ, ಒಂದು ಹೆಸರು, ಒಂದು ತಾರೀಖು ಇರುತ್ತದೆ. ಹಾಗಾಗಿ ಯಾರೂ ನುಣುಚಿಕೊಳ್ಳುವಂತಿಲ್ಲ.

2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸ್ ಅಧಿಕಾರಿಯ ಕೈಯಲ್ಲಿ ಕೊಲೆಯಾದ ಮೇಲೆ ಓದುವ ಗುಂಪುಗಳು ಎಲ್ಲೆಡೆ ಎದ್ದವು. ಮರುವರ್ಷದಿಂದ ಎದುರು ಗಾಳಿಯೂ ಬೀಸಿತು. ವರ್ಣಭೇದದ ಪಾಠಕ್ಕೆ ಕಟ್ಟುಪಾಡು ಹಾಕುವ ಕಾನೂನುಗಳನ್ನು ಹಲವು ರಾಜ್ಯಗಳು ತಂದವು. ಫ್ಲಾರಿಡಾ 2022ರಲ್ಲಿ ಕಂಪನಿಗಳ ತರಬೇತಿಗೂ ಇದನ್ನು ಹಬ್ಬಿಸಿತು. ಆ ಭಾಗಕ್ಕೆ ಕೆಳ ನ್ಯಾಯಾಲಯ ಹಾಕಿದ್ದ ತಡೆಯನ್ನು 2024ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಇತ್ತ 2023ರಿಂದ ಫ್ಲಾರಿಡಾದ ಅನೇಕ ಕಪ್ಪು ಚರ್ಚುಗಳು ತಮ್ಮ ಇತಿಹಾಸದ ಪಾಠವನ್ನು ತಾವೇ ಶುರುಮಾಡಿವೆ. ಶಾಲೆಯಲ್ಲಿ ಮಕ್ಕಳಿಗೆ ಪೂರ್ತಿ ಸಿಗುವುದೆಂಬ ಭರವಸೆ ಅವರಿಗಿಲ್ಲ, ಆದ್ದರಿಂದ ಚರ್ಚಿನ ಕೋಣೆಗಳಲ್ಲೇ ಪಾಠ ನಡೆಯುತ್ತಿದೆ.