ಹಳೇ ಹೊಲಿಗೆ ಮಿಷನ್ ರಿಪೇರಿ: ಬಿಚ್ಚುವ ಮೊದಲು ಜಿಡ್ಡು ಬಿಡಿಸಿ

ಅಟ್ಟದಲ್ಲೋ ಗುಜರಿಯಲ್ಲೋ ಸಿಗುವ, ಕಪ್ಪು ಮೈಯ ಉಷಾದಂಥ ಮಿಷನ್‌ಗಳಿಗೆ ಈ ಟಿಪ್ಪಣಿ. ಇವುಗಳಲ್ಲಿ ಬಾಬಿನ್ ಕೇಸ್ (ಕೆಳಗಿನ ದಾರ ಸುತ್ತಿದ ಉರುಳೆ ಕೂರುವ ಲೋಹದ ಡಬ್ಬಿ) ಎಡಗಡೆಯಿಂದ ಕೂರುತ್ತದೆ, ಹೊಲಿಗೆ ನೇರ ಮಾತ್ರ.

ಚಕ್ರ ಅಲುಗದಿದ್ದರೆ ಮಿಷನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬಹುಪಾಲು ಒಣಗಿದ ಎಣ್ಣೆಯೇ ಅದನ್ನು ಹಿಡಿದಿರುತ್ತದೆ. ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಬಿಟ್ಟಿದ್ದರಂತೂ ಅದು ಮೇಣದಂತೆ ಗಟ್ಟಿಯಾಗಿರುತ್ತದೆ. ಬಲ ಹಾಕಬೇಡಿ.

ಮೊದಲು ಸೂಜಿ, ಬಾಬಿನ್ ಕೇಸ್, ಸೂಜಿಯ ಕೆಳಗಿನ ತಟ್ಟೆ ತೆಗೆಯಿರಿ. ಬಿಚ್ಚಿದ್ದೆಲ್ಲದರ ಫೋಟೊ ಇರಲಿ. ಶಟಲ್ (ಕೆಳಗೆ ದಾರ ಹಿಡಿಯುವ ಕೊಕ್ಕೆ) ಸುತ್ತ ಸಿಕ್ಕಿಕೊಂಡ ಒಂದು ತುಂಡು ದಾರ ಸಾಕು, ಇಡೀ ಮಿಷನ್ ನಿಲ್ಲುತ್ತದೆ. ಬಟ್ಟೆ ತಳ್ಳುವ ಹಲ್ಲುಗಳ ನಡುವೆ ನಾರು ಕಂಬಳಿಯಂತೆ ಒತ್ತಿಕೊಂಡಿರುತ್ತದೆ. ಅದನ್ನು ಪಿನ್ನಿನಿಂದ ಕೆರೆದು ತೆಗೆಯದಿದ್ದರೆ ಹಲ್ಲು ಮೇಲೇಳುವುದಿಲ್ಲ, ಬಟ್ಟೆ ಸರಿಯುವುದಿಲ್ಲ.

ಆಮೇಲೆ ಎಣ್ಣೆ ತೂತುಗಳಿಗೂ ಲೋಹಕ್ಕೆ ಲೋಹ ತಾಗುವ ಕಡೆಗೂ ಎರಡು ಮೂರು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಒಲೆ, ಬೀಡಿ ಹತ್ತಿರ ಬೇಡ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲನೆ ಆಡಿಸಿ. ಕೂದಲಷ್ಟು ಅಲುಗಿದರೂ ಗೆದ್ದಂತೆಯೇ. ಕಂದು ಜಿಡ್ಡು ಒಸರಿದ ಹಾಗೆ ಒರೆಸುತ್ತಾ ಹೋಗಿ. ಸೀಮೆಎಣ್ಣೆ ಜಿಡ್ಡು ಕರಗಿಸುತ್ತದೆ, ಆದರೆ ಸವೆತ ತಡೆಯುವುದಿಲ್ಲ. ಹಾಗಾಗಿ ಕೊನೆಗೆ ತೆಳು ಮಿಷನ್ ಎಣ್ಣೆ ಬಿಡಲೇಬೇಕು. ಚಿನ್ನದ ಬಣ್ಣದ ಚಿತ್ತಾರಕ್ಕೆ ಸ್ಪಿರಿಟ್ ಸೋಕಿಸಬೇಡಿ, ಬಣ್ಣವೇ ಎದ್ದುಬರುತ್ತದೆ. ಮಿಷನ್ ಎಣ್ಣೆ ಅದ್ದಿದ ಹತ್ತಿ ಸಾಕು.

ಚಕ್ರ ತಿರುಗಿಯೂ ಸೂಜಿ ಆಡದಿದ್ದರೆ ಚಕ್ರದ ನಡುವಿನ ದೊಡ್ಡ ತಿರುಪು ಸಡಿಲ, ಇಲ್ಲವೇ ಅದರ ಹಿಂದಿನ ವಾಷರ್ ತಿರುಗುಮುರುಗು. ಕಲಿಯುವವರು ಹೆಚ್ಚು ಎಡವುವುದು ಇಲ್ಲೇ. ವಾಷರಿನ ಒಳ ಅಂಚಿನಲ್ಲಿ ಎರಡು ಬಾಗಿದ ಕಿವಿಗಳಿವೆ, ಅವು ಹೊರಮುಖವಾಗಿರಬೇಕು. ಆಗಲೂ ಬಿಗಿಯಾಗದಿದ್ದರೆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ.

ಹೊಸ ಸೂಜಿ ಹಾಕಿ, ಹತ್ತಿ ಬಟ್ಟೆಗೆ 14 ಅಥವಾ 16ನೇ ನಂಬರ್. ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಸೂಜಿ ಪೂರ್ತಿ ಮೇಲಕ್ಕೆ ಕೂರದಿದ್ದರೂ ಹೊಲಿಗೆ ತಪ್ಪುತ್ತದೆ. ಅದಕ್ಕೆ ಶಟಲನ್ನು ದೂರಬೇಡಿ.

ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಎರಡು ಪದರದ ಮೇಲೆ ಹೊಲಿದು ನೋಡಿ. ಬಟ್ಟೆಯ ಅಡಿಯಲ್ಲಿ ಕೆಂಪು ದಾರ ಕುಣಿಕೆ ಕುಣಿಕೆಯಾಗಿ ನೇತಾಡಿದರೆ ದೋಷ ಕೆಳಗಿನದಲ್ಲ, ಮೇಲಿನ ಟೆನ್ಷನ್ನಿನದು, ಅಂದರೆ ದಾರದ ಬಿಗಿತದ್ದು: ದಾರವನ್ನು ಒತ್ತಿಹಿಡಿಯುವ ಬಿಲ್ಲೆಗಳ ನಡುವೆ ನಾರು ಕೂತಿರಬಹುದು, ಇಲ್ಲವೇ ಒತ್ತುವ ಪಾದ ಇಳಿಸಿರುವುದಿಲ್ಲ. ಬಾಬಿನ್ ಕೇಸನ್ನು ದಾರದಿಂದ ತೂಗುಹಾಕಿ. ತಾನಾಗಿ ಜಾರದೆ, ಸಣ್ಣಗೆ ಕುಲುಕಿದಾಗ ಒಂದೆರಡು ಇಂಚು ಇಳಿದರೆ ಸರಿ. ಇಲ್ಲದಿದ್ದರೆ ಕೇಸಿನ ಸ್ಕ್ರೂವನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆಯೇ ತಿರುಗಿಸಿ, ಕೆಳಗೆ ಬಿಳಿ ಬಟ್ಟೆ ಹಾಸಿರಿ. ಎಳ್ಳಿನಷ್ಟು ಸ್ಕ್ರೂ ನೆಲಕ್ಕೆ ಬಿದ್ದರೆ ಹುಡುಕುವುದು ಕಷ್ಟ.