ಮೆಟ್ಟಿಲು ಮುರಿದ ಏಣಿ: ನಮ್ಮ ಯುದ್ಧ ಪೈಲಟ್‌ಗಳು ಕಲಿತ ಬಗೆ

2023ರ ಜೂನ್ 1. ಚಾಮರಾಜನಗರ ಹತ್ತಿರದ ಭೋಗಾಪುರದ ಬಯಲಿಗೆ ವಾಯುಪಡೆಯ ಒಂದು ವಿಮಾನ ಬಿದ್ದು ಸುಟ್ಟುಹೋಯಿತು. ಅದರಲ್ಲಿದ್ದ ಇಬ್ಬರು ಪೈಲಟ್‌ಗಳು ಹೊರಗೆ ಜಿಗಿದು, ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ಬೆಂಗಳೂರಿನಿಂದ ಮಾಮೂಲಿ ತರಬೇತಿ ಹಾರಾಟಕ್ಕೆ ಹೊರಟಿದ್ದ 'ಕಿರಣ್' ಅದು. ಸದ್ಯ, ಯಾರ ಜೀವವೂ ಹೋಗಲಿಲ್ಲ. ಎರಡು ದಿನ ಸುದ್ದಿಯಾಗಿ ಮರೆತೂ ಹೋಯಿತು.

ನನಗೆ ಮರೆಯಲು ಆಗದಿರುವುದು ಬೇರೆಯೇ ವಿಷಯ. ಕಿರಣ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ವಿಮಾನ. ಮೊದಲ ಸಲ ಹಾರಿದ್ದು 1964ರ ಸೆಪ್ಟೆಂಬರ್‌ನಲ್ಲಿ. ಈಗ ಕಾಲೇಜಿಗೆ ಹೋಗುವ ಹುಡುಗಿಯ ಅಜ್ಜ ಕಾಲೇಜಿನಲ್ಲಿದ್ದಾಗ ಬಂದ ಮಾದರಿ. ಅದರಲ್ಲಿ ನಮ್ಮ ಮಕ್ಕಳು 2023ರಲ್ಲೂ ಹಾರುತ್ತಿದ್ದರು. ಯಾಕೆ? ಅದರ ಜಾಗಕ್ಕೆ ಬರಬೇಕಾದದ್ದು ಇನ್ನೂ ಬಂದಿರಲಿಲ್ಲ, ಅಷ್ಟೇ.

ವಿಮಾನ ಬಿದ್ದಾಗಲೆಲ್ಲ ಒಂದು ಮಾತು ಬೇಗ ಕೇಳಿಬರುತ್ತದೆ: ಪೈಲಟ್ ತಪ್ಪು. ಅದರ ಹಿಂದೆಯೇ ಇನ್ನೊಂದು: 'ಮೊದಲಿನ ತರಬೇತಿ ಈಗಿಲ್ಲ, ಗುಣಮಟ್ಟ ಇಳಿದಿದೆ.' ಗುಣಮಟ್ಟದ ಬಗ್ಗೆ ಕಾಳಜಿ ಬೇಕೇ ಬೇಕು. ಆದರೆ ಇಳಿದದ್ದು ಏನು, ಯಾವಾಗ ಅಂತ ಹಿಂದೆ ಹೋಗಿ ನೋಡಿದರೆ ಬೆರಳು ಹಾರಾಟ ಕಲಿಯುವ ಕೆಡೆಟ್‌ಗಳ ಕಡೆ ತೋರಿಸಲು ಮನಸ್ಸು ಬರುವುದಿಲ್ಲ.

ಹಾರಾಟ ಕಲಿಯುವುದು ಏಣಿ ಹತ್ತಿದ ಹಾಗೆ. ಮೊದಲು ಸಣ್ಣ ಪ್ರೊಪೆಲ್ಲರ್ ವಿಮಾನ. ಅದು ನಿಧಾನ, ಸಣ್ಣಪುಟ್ಟ ತಪ್ಪನ್ನು ಸಹಿಸಿಕೊಳ್ಳುತ್ತದೆ. ಹುಡುಗ ಮೊದಲ ಸಲ ಒಬ್ಬನೇ ಹಾರುವುದು, ಅಂದರೆ 'ಸೋಲೋ' ಹೋಗುವುದು, ಇದರಲ್ಲೇ. ಆಮೇಲೆ ಸ್ವಲ್ಪ ವೇಗದ ಜೆಟ್. ಕೊನೆಗೆ ಯುದ್ಧವಿಮಾನದ ಹಾಗೇ ವರ್ತಿಸುವ ಮುಂದುವರಿದ ಜೆಟ್. ಅಲ್ಲಿಂದ ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ. ಒಂದು ಮೆಟ್ಟಿಲು ಇಲ್ಲದಿದ್ದರೆ ಕಾಲು ಚಾಚಿ ಮೇಲಿನದಕ್ಕೆ ಹಾರಬೇಕು. ಕೆಲವರು ಹಾರುತ್ತಾರೆ, ಕೆಲವರು ಬೀಳುತ್ತಾರೆ.

ಶುರುವಿನಲ್ಲಿ ನಮ್ಮ ಏಣಿ ಚೆನ್ನಾಗಿಯೇ ಇತ್ತು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ, 1951ರ ಆಗಸ್ಟ್‌ನಲ್ಲಿ, ವಿ.ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲಿ ಎಚ್‌ಟಿ-2 ಹಾರಿಸಿತು. ಇಬ್ಬರು ಕೂರುವ ಪುಟ್ಟ ತರಬೇತಿ ವಿಮಾನ. ಮುಂದೆ ಕಿರಣ್ ಬಂತು. ಇದರಲ್ಲಿ ಕಲಿಸುವವರು, ಕಲಿಯುವವರು ಅಕ್ಕಪಕ್ಕ ಕೂರುತ್ತಾರೆ. ಹುಡುಗನ ಕೈ ನಡುಗುವುದೂ ಗುರುವಿಗೆ ಕಾಣುತ್ತದೆ. ಕೆಳಗಿನ ಎರಡು ಮೆಟ್ಟಿಲನ್ನು ನಾವೇ ಮಾಡಿಕೊಂಡಿದ್ದೆವು. ಹೆಮ್ಮೆಪಡುವಂಥ ಕೆಲಸ ಅಲ್ವಾ?

ತೊಂದರೆ ಇದ್ದದ್ದು ಮೇಲಿನ ಮೆಟ್ಟಿಲಲ್ಲಿ. 1963ರಲ್ಲಿ ಯುದ್ಧವಿಮಾನ ಮಿಗ್-21 ವಾಯುಪಡೆಗೆ ಬಂತು. ಶಬ್ದದ ಎರಡರಷ್ಟು ವೇಗ ಮುಟ್ಟುವ ವಿಮಾನ. ರೆಕ್ಕೆ ಚಿಕ್ಕದು. ಅದಕ್ಕೇ ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ರನ್‌ವೇ ಮುಟ್ಟಬೇಕು. ಕಿರಣ್ ಶಬ್ದದ ವೇಗವನ್ನೇ ದಾಟದ ವಿಮಾನ. ಇದರಿಂದ ಇಳಿದು ಅದಕ್ಕೆ ಹತ್ತುವುದು ಸೈಕಲ್ ಕಲಿತವನ ಕೈಗೆ ಹೆದ್ದಾರಿಯಲ್ಲಿ ಬುಲೆಟ್ ಬೈಕ್ ಕೊಟ್ಟ ಹಾಗೆ.

ಅಸ್ಸಾಂನ ತೇಜ್‌ಪುರದಲ್ಲಿ ಒಂದು ಘಟಕ ಇತ್ತು. ಹೊಸ ಪೈಲಟ್‌ಗಳು ಅಲ್ಲಿ ಮಿಗ್-21ರ ಮೇಲೇ ಮಿಗ್-21 ಕಲಿಯುತ್ತಿದ್ದರು. ಕಲಿಸಲು ಎರಡು ಸೀಟಿನ ಮಿಗ್ ಇತ್ತು, ನಿಜ. ಆದರೆ ಅದರ ಹಿಂದಿನ ಸೀಟಲ್ಲಿ ಕೂತ ಗುರುವಿಗೆ ಮುಂದಿನ ರನ್‌ವೇ ನೆಟ್ಟಗೆ ಕಾಣುವುದಿಲ್ಲ. ಇಳಿಯುವಾಗ ನೋಡಲು ತಲೆಯ ಮೇಲೆ ಒಂದು ಪೆರಿಸ್ಕೋಪ್. ಯೋಚಿಸಿ. ಮುಂದೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗ. ನೆಲ ಮಿಂಚಿನ ಹಾಗೆ ಮೇಲೆ ಬರುತ್ತಿದೆ. ಅವನು ತಪ್ಪು ಮಾಡಿದರೆ ಸರಿಪಡಿಸಬೇಕಾದ ಗುರು ಕನ್ನಡಿ ಜೋಡಣೆಯೊಳಗೆ ಇಣುಕಿ ದಾರಿ ನೋಡುತ್ತಿದ್ದಾರೆ. ಇಂಥ ಸ್ಥಿತಿಯಲ್ಲೂ ಸಾವಿರಾರು ಸಲ ಕ್ಷೇಮವಾಗಿ ಇಳಿದರಲ್ಲ, ಅದಕ್ಕೆ ಕೈ ಮುಗಿಯಬೇಕು.

ಇದು ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1982ರಲ್ಲೇ ಏರ್ ಮಾರ್ಷಲ್ ಲಾ ಫಾಂಟೇನ್ ನೇತೃತ್ವದ ಸಮಿತಿ ಹೇಳಿತ್ತು: ಕಿರಣ್‌ಗೂ ಮಿಗ್‌ಗೂ ಮಧ್ಯೆ ಒಂದು ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕೇ ಬೇಕು. ಕಡತ ಓಡಾಡಿತು. ಸರ್ಕಾರಗಳು ಬದಲಾದವು. ಯಾವ ದೇಶದ ವಿಮಾನ, ಎಷ್ಟು ಬೆಲೆ ಅಂತ ಮಾತುಕತೆ ನಡೆಯುತ್ತಲೇ ಇತ್ತು. 1997ರಲ್ಲಿ ಯುದ್ಧವಿಮಾನಗಳ ಅಪಘಾತದ ಬಗ್ಗೆ ಎ.ಪಿ.ಜೆ. ಅಬ್ದುಲ್ ಕಲಾಂ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಅದೂ ಇದೇ ಮಾತನ್ನು ಮತ್ತೆ ಹೇಳಿತು.

2001ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಭಿಜಿತ್ ಗಾಡ್ಗೀಳ್ ರಾತ್ರಿ ಮಿಗ್-21ರಲ್ಲಿ ಮೇಲೇರಿದವರು ತಿರುಗಿ ಬರಲಿಲ್ಲ. ತಪ್ಪು ಪೈಲಟ್‌ದು ಎಂಬ ಮಾತು ಬಂತು. ಅವರ ತಾಯಿ ಕವಿತಾ ಗಾಡ್ಗೀಳ್ ಅದನ್ನು ಒಪ್ಪಲಿಲ್ಲ. ಮಗನ ಹೆಸರಿಗೆ ಅಂಟಿದ ಕಳಂಕ ತೊಳೆಯಲು ವರ್ಷಗಟ್ಟಲೆ ಹೋರಾಡಿದರು. ಹೆತ್ತ ಮಗನನ್ನು ಕಳೆದುಕೊಂಡ ಮೇಲೆ ಅವನದೇ ತಪ್ಪು ಅನ್ನಿಸಿಕೊಳ್ಳುವುದು ಎಷ್ಟು ಮನೆಗಳ ಪಾಡಾಯಿತೋ.

2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಲೆಕ್ಕ ಕೊಟ್ಟರು. ಕೊಂಡ 872 ಮಿಗ್ ವಿಮಾನಗಳು. ಆ ವರ್ಷದ ಏಪ್ರಿಲ್‌ವರೆಗೆ 482 ಅಪಘಾತ. ಸತ್ತ ಪೈಲಟ್‌ಗಳು 171. ನೆಲದ ಮೇಲಿದ್ದ 39 ಸಾಮಾನ್ಯ ಜನರೂ ಸತ್ತಿದ್ದರು. ಇವೆಲ್ಲ ತರಬೇತಿಯ ಕೊರತೆಯಿಂದಲೇ ಆದವು ಅಂತ ನಾನು ಹೇಳುತ್ತಿಲ್ಲ. ಎಂಜಿನ್ ಕೆಟ್ಟದ್ದಿದೆ, ಹಕ್ಕಿ ಬಡಿದದ್ದಿದೆ, ಬಿಡಿಭಾಗದ ತೊಂದರೆ ಇದೆ. ಆದರೆ ಆ ಮೇಲಿನ ಮೆಟ್ಟಿಲು ಇದ್ದಿದ್ದರೆ ಇವರಲ್ಲಿ ಕೆಲವರಾದರೂ ಇವತ್ತು ಮೊಮ್ಮಕ್ಕಳನ್ನು ಆಡಿಸುತ್ತಿದ್ದರು.

ಕೊನೆಗೆ 2004ರ ಮಾರ್ಚ್‌ನಲ್ಲಿ ಬ್ರಿಟನ್ನಿನ 'ಹಾಕ್' ವಿಮಾನಕ್ಕೆ ಒಪ್ಪಂದ ಆಯಿತು. ಒಟ್ಟು 66. ಅದರಲ್ಲಿ 24 ಅಲ್ಲಿಂದ ತಯಾರಾಗಿ ಬರುವುದು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವುದು. 2008ರ ಫೆಬ್ರವರಿಯಲ್ಲಿ ನಮ್ಮ ಬೀದರ್ ವಾಯುನೆಲೆಯಲ್ಲಿ ಹಾಕ್ ವಿಧಿವತ್ತಾಗಿ ಸೇವೆಗೆ ಸೇರಿತು. ಮೊದಲ ಸಮಿತಿ ಹೇಳಿ 26 ವರ್ಷ ಆಗಿತ್ತು. ಆ ವರದಿ ಬಂದಾಗ ಹುಟ್ಟಿದ ಮಗು ಆಗಲೇ ಸ್ಕ್ವಾಡ್ರನ್ ಸೇರುವ ವಯಸ್ಸು ದಾಟಿತ್ತು. ಬೀದರಿನವರಿಗೆ ಹಾಕ್ ಸದ್ದು ಈಗ ದಿನದ ಮಾತು. ಇವತ್ತು ಸುಖೋಯ್ ಹಾರಿಸುವ ಎಷ್ಟೋ ಮಂದಿ ಕೊನೆಯ ಮೆಟ್ಟಿಲು ಹತ್ತಿದ್ದು ಆ ಊರಿನ ಆಕಾಶದಲ್ಲಿ.

ಮೇಲಿನ ಮೆಟ್ಟಿಲು ಸರಿಹೋಯಿತು ಅನ್ನುವಷ್ಟರಲ್ಲಿ ಕೆಳಗಿನದೇ ಮುರಿಯಿತು.

ಎಚ್‌ಟಿ-2 ಹಳತಾದ ಮೇಲೆ ಅದರ ಜಾಗಕ್ಕೆ ಎಚ್‌ಎಎಲ್‌ನ ಎಚ್‌ಪಿಟಿ-32 'ದೀಪಕ್' ಬಂದಿತ್ತು. ಮೊದಲ ಹಾರಾಟ 1977, ಸೇವೆಗೆ 1984. ಕೆಡೆಟ್‌ಗಳು ಮೊಟ್ಟಮೊದಲು ಹತ್ತುತ್ತಿದ್ದ ವಿಮಾನ ಇದು. ಇದರ ದೊಡ್ಡ ರೋಗ ಅಂದರೆ ಗಾಳಿಯಲ್ಲೇ ಎಂಜಿನ್ ನಿಂತುಬಿಡುವುದು. ನಿಂತರೆ ಹೆಚ್ಚು ದೂರ ತೇಲಿಕೊಂಡು ಹೋಗುವ ಜಾತಿಯೂ ಅಲ್ಲ. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಇಜೆಕ್ಷನ್ ಸೀಟ್ ಇಲ್ಲ. ಮೇಲಿನ ಮುಚ್ಚಳ ಸರಿಸಿ, ಬೆನ್ನಿಗೆ ಕಟ್ಟಿಕೊಂಡ ಪ್ಯಾರಾಚೂಟ್ ನಂಬಿ ನಾವೇ ಹೊರಗೆ ಹಾರಬೇಕು. ಕೆಳಮಟ್ಟದಲ್ಲಿ ಹಾರುತ್ತಿದ್ದರೆ ಅದಕ್ಕೆ ಸಮಯ ಎಲ್ಲಿ? 17 ಅಪಘಾತಗಳಲ್ಲಿ 19 ಪೈಲಟ್‌ಗಳು ಸತ್ತರು. ಅದೂ ಕಲಿಯುವವರಿಗೆ ಅಂತಲೇ ಮಾಡಿದ ವಿಮಾನದಲ್ಲಿ.

2009ರ ಜುಲೈ 31ರಂದು ಹೈದರಾಬಾದ್ ಹತ್ತಿರ ಒಂದು ದೀಪಕ್ ಬಿದ್ದು ಇಬ್ಬರು ಸತ್ತರು. ಇಬ್ಬರೂ ಕಲಿಸುವವರೇ. ಗುರುಗಳಿಗೇ ಉಳಿಸಿಕೊಳ್ಳಲು ಆಗದ ವಿಮಾನವನ್ನು ಶಿಷ್ಯರಿಗೆ ಹೇಗೆ ಕೊಡುವುದು? ವಾಯುಪಡೆ ಎಲ್ಲಾ ದೀಪಕ್‌ಗಳನ್ನೂ ನೆಲಕ್ಕಿಳಿಸಿತು. ಸರಿಯಾದ ತೀರ್ಮಾನವೇ. ಆದರೆ ಅದರ ಜಾಗಕ್ಕೆ ಇಡಲು ಇನ್ನೊಂದು ವಿಮಾನ ಇರಲಿಲ್ಲ. ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಬಂದ ಹೊಸ ಕೆಡೆಟ್‌ಗಳನ್ನು ಸೀದಾ ಜೆಟ್‌ಗೆ, ಅಂದರೆ ಎರಡನೇ ಮೆಟ್ಟಿಲಾದ ಕಿರಣ್‌ಗೆ ಹತ್ತಿಸಬೇಕಾಯಿತು. ಇದ್ದ ಕಿರಣ್‌ಗಳು ಸಾಲದೆ ಹಾರಾಟದ ಗಂಟೆಗಳಿಗೂ ಕತ್ತರಿ ಬಿತ್ತು. ಬೀದರಿನ ಹೆಮ್ಮೆಯಾಗಿದ್ದ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ 2011ರಲ್ಲಿ ಪ್ರದರ್ಶನ ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಅವರ ಕಿರಣ್‌ಗಳು ಪಾಠಕ್ಕೆ ಬೇಕಾಗಿದ್ದವು. ಗುಣಮಟ್ಟ ಇಳಿಯಿತು ಅನ್ನುವವರು ಈ ನಾಲ್ಕು ವರ್ಷಗಳನ್ನು ಮೊದಲು ನೋಡಬೇಕು.

2012ರಲ್ಲಿ ಸ್ವಿಟ್ಜರ್ಲೆಂಡಿನ 75 ಪಿಲಾಟಸ್ ವಿಮಾನಗಳಿಗೆ ಆರ್ಡರ್ ಹೋಯಿತು. 2013ರಿಂದ ಬರತೊಡಗಿದವು. ಕೆಡೆಟ್‌ಗಳಿಗೆ ಮತ್ತೆ ಮೊದಲ ಮೆಟ್ಟಿಲು ಸಿಕ್ಕಿತು. ಇನ್ನಷ್ಟು ಕೊಳ್ಳುವ ಮಾತು ಇತ್ತು, ಕೈಬಿಟ್ಟರು. 2019ರಲ್ಲಿ ಲಂಚದ ಆರೋಪದ ಮೇಲೆ ಆ ಕಂಪನಿಯ ಜೊತೆಗಿನ ವ್ಯವಹಾರವನ್ನೇ ಒಂದು ವರ್ಷ ನಿಲ್ಲಿಸಲಾಯಿತು.

ಇನ್ನು ಮಧ್ಯದ ಮೆಟ್ಟಿಲು. ಕಿರಣ್ ಜಾಗಕ್ಕೆ ಎಚ್‌ಎಎಲ್ 1990ರ ದಶಕದ ಕೊನೆಯಲ್ಲೇ ಎಚ್‌ಜೆಟಿ-36 'ಸಿತಾರಾ' ಶುರು ಮಾಡಿತ್ತು. 2003ರ ಮಾರ್ಚ್‌ನಲ್ಲಿ ಅದು ಬೆಂಗಳೂರಿನ ಮೇಲೆ ಹಾರಿದಾಗ ಎಲ್ಲರಿಗೂ ಖುಷಿ. ಆಮೇಲೆ ಎಂಜಿನ್ ಬದಲಾಯಿತು, ತೂಕ ಹೆಚ್ಚಿತು. ಅದಕ್ಕಿಂತ ದೊಡ್ಡ ತಲೆನೋವು ಸ್ಪಿನ್.

ಸ್ಪಿನ್ ಅಂದರೆ ಏನು? ಮೂತಿ ತೀರಾ ಮೇಲೆತ್ತಿ ವೇಗ ಕಳೆದುಕೊಂಡರೆ ರೆಕ್ಕೆಗೆ ಹಿಡಿತ ತಪ್ಪುತ್ತದೆ. ಒಂದು ರೆಕ್ಕೆ ಮೊದಲು ಕುಸಿಯುತ್ತದೆ. ವಿಮಾನ ಬುಗುರಿಯ ಹಾಗೆ ಸುತ್ತುತ್ತಾ ಕೆಳಗೆ ಬೀಳುತ್ತದೆ. ಕಿಟಕಿಯಲ್ಲಿ ಆಕಾಶ ಕಾಣುವುದಿಲ್ಲ, ಹೊಲಗದ್ದೆ ಗಿರಗಿರ ತಿರುಗುತ್ತಿರುತ್ತದೆ. ಕಲಿಸುವವರು ಬೇಕಂತಲೇ ಎತ್ತರದಲ್ಲಿ ವಿಮಾನವನ್ನು ಹೀಗೆ ಬೀಳಿಸುತ್ತಾರೆ. ಹುಡುಗ ಗಾಬರಿ ನುಂಗಿಕೊಂಡು ಎಂಜಿನ್ ಶಕ್ತಿ ಇಳಿಸಬೇಕು. ಸುತ್ತುವ ದಿಕ್ಕಿಗೆ ಎದುರಾದ ರಡ್ಡರ್ ಪೆಡಲ್ ಪೂರ್ತಿ ತುಳಿಯಬೇಕು, ಕೈಯಲ್ಲಿರುವ ಸ್ಟಿಕ್ ಮುಂದಕ್ಕೆ ತಳ್ಳಬೇಕು. ಬೀಳುತ್ತಿರುವಾಗ ಮೂತಿಯನ್ನು ಇನ್ನೂ ಕೆಳಗೆ ಒತ್ತುವುದು! ಮನಸ್ಸು ಬೇಡ ಅನ್ನುತ್ತದೆ, ಕೈ ಮಾಡಲೇಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ, ಮತ್ತೆ ಮತ್ತೆ ಬಿದ್ದೇ ಕಲಿಯಬೇಕು. ಸಿತಾರಾ ಸ್ಪಿನ್‌ನಿಂದ ನಂಬಿಕೆಯಾಗಿ ಹೊರಬರುತ್ತಿರಲಿಲ್ಲ. ಅಂಥದ್ದನ್ನು ಕೆಡೆಟ್ ಕೈಗೆ ಕೊಡಲು ಸಾಧ್ಯವೇ ಇಲ್ಲ. ಯೋಜನೆ ವರ್ಷಗಟ್ಟಲೆ ನಿಂತಿತು. ಬಾಲದ ಭಾಗವನ್ನು ತಿದ್ದಿ 2019ರಲ್ಲಿ ಮತ್ತೆ ಪರೀಕ್ಷೆ ಶುರುವಾಯಿತು. 2025ರ ಏರೋ ಇಂಡಿಯಾದಲ್ಲಿ ಅದಕ್ಕೆ 'ಯಶಸ್' ಅಂತ ಹೊಸ ಹೆಸರಿಟ್ಟರು. ಮೊದಲ ಹಾರಾಟವಾಗಿ ಆಗ ಹತ್ತಿರಹತ್ತಿರ 22 ವರ್ಷ.

ಎಚ್‌ಎಎಲ್ ಎಂಜಿನಿಯರುಗಳನ್ನು ಬೈಯುವುದು ಸುಲಭ. ವಿಮಾನ ವಿನ್ಯಾಸ ಕಷ್ಟದ ಕೆಲಸ, ಸ್ಪಿನ್ ಅನ್ನುವುದು ದೊಡ್ಡ ದೊಡ್ಡವರನ್ನೂ ಕಾಡಿದೆ. ನನ್ನ ಸಿಟ್ಟು ಇರುವುದು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಯಾರೂ ಮೊದಲೇ ಯೋಚಿಸದ್ದರ ಮೇಲೆ. ದೀಪಕ್ ವಿಷಯದಲ್ಲೂ ಅದೇ, ಕಿರಣ್ ವಿಷಯದಲ್ಲೂ ಅದೇ.

2024ರ ಡಿಸೆಂಬರ್‌ನಲ್ಲಿ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂತು. 2015ರ ಫೆಬ್ರವರಿಯಲ್ಲಿ ವಾಯುಪಡೆಗೆ 486 ಪೈಲಟ್‌ಗಳ ಕೊರತೆ ಇತ್ತು. 2021ರ ಕೊನೆಗೆ ಅದು 596ಕ್ಕೆ ಏರಿತ್ತು. ವರ್ಷಕ್ಕೆ 222 ಮಂದಿಯನ್ನು ತರಬೇತಿಗೆ ತೆಗೆದುಕೊಳ್ಳುವ ಯೋಜನೆ ಇತ್ತು, ಅಷ್ಟು ಮಂದಿಯನ್ನು ತೆಗೆದುಕೊಳ್ಳಲಿಲ್ಲ. ಪರಿಶೀಲಿಸಿದ 64 ಪಿಲಾಟಸ್‌ಗಳಲ್ಲಿ 16ರಲ್ಲಿ ಎಂಜಿನ್ ಎಣ್ಣೆ ಸೋರಿದ್ದು ಕಂಡಿತು. ಸಾಗಣೆ ವಿಮಾನ ಮತ್ತು ಹೆಲಿಕಾಪ್ಟರ್ ಪೈಲಟ್‌ಗಳು ಹಳೇ ಯಂತ್ರಗಳಲ್ಲಿ ಕಲಿಯುತ್ತಿದ್ದಾರೆ ಎಂದೂ ಅದು ಹೇಳಿತು.

ಈ 596ರ ಹಿಂದೆ ಇನ್ನೊಂದು ತೊಡಕಿದೆ. ಕಲಿಸುವವರು ಬರುವುದೂ ಸ್ಕ್ವಾಡ್ರನ್‌ಗಳಿಂದಲೇ. ಒಳ್ಳೆಯ ಪೈಲಟ್‌ಗಳನ್ನು ಆರಿಸಿ, ಚೆನ್ನೈ ಹತ್ತಿರದ ತಾಂಬರಂ ಶಾಲೆಯಲ್ಲಿ ಕಲಿಸುವ ವಿದ್ಯೆ ಹೇಳಿಕೊಟ್ಟು ಗುರುಗಳನ್ನಾಗಿ ಮಾಡುತ್ತಾರೆ. ಸ್ಕ್ವಾಡ್ರನ್‌ನಲ್ಲೇ ಜನ ಕಡಿಮೆ ಇದ್ದರೆ ಯಾರನ್ನು ಕಳಿಸುವುದು? ಕಳಿಸಿದರೆ ಅಲ್ಲಿ ಖಾಲಿ, ಕಳಿಸದಿದ್ದರೆ ಇಲ್ಲಿ ಖಾಲಿ.

ಒಂದು ಒಳ್ಳೆಯ ಸುದ್ದಿಯೂ ಬೆಂಗಳೂರಿನಿಂದಲೇ ಬಂದಿದೆ. ಪಿಲಾಟಸ್ ಇರುವಾಗ ಇನ್ನೊಂದು ಯಾಕೆ ಅಂತ ವಾಯುಪಡೆಯೇ ಮೂಗು ಮುರಿದಿದ್ದ ಕಾಲದಲ್ಲಿ ಎಚ್‌ಎಎಲ್ ತನ್ನ ಸ್ವಂತ ದುಡ್ಡು ಹಾಕಿ ಮೊದಲ ಮೆಟ್ಟಿಲಿನ ವಿಮಾನ ಎಚ್‌ಟಿಟಿ-40 ಮಾಡಿತು. 2016ರ ಮೇ 31ರಂದು ಅದು ಮೊದಲು ಹಾರಿತು. ಸ್ಪಿನ್ ಪರೀಕ್ಷೆಯಲ್ಲೂ ಪಾಸಾಯಿತು. 2023ರ ಮಾರ್ಚ್‌ನಲ್ಲಿ 70 ವಿಮಾನಗಳಿಗೆ 6,828 ಕೋಟಿ ರೂಪಾಯಿ ಒಪ್ಪಂದ ಆಯಿತು. ಅಮೆರಿಕದಿಂದ ಎಂಜಿನ್ ಬರುವುದು ತಡವಾಗಿ ಅದೂ ಹಿಂದೆ ಬಿತ್ತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ನಡೆಯಿತು. ಅದಾಗಿ ನಾಲ್ಕು ವಾರಕ್ಕೆ, ಅಕ್ಟೋಬರ್ 24ರಂದು, ಕಾರ್ಖಾನೆಯ ಸಾಲಿನಲ್ಲಿ ತಯಾರಾದ ಮೊದಲ ಎಚ್‌ಟಿಟಿ-40 ಬೆಂಗಳೂರಿನ ಎಚ್‌ಎಎಲ್ ರನ್‌ವೇ ಬಿಟ್ಟು ಮೇಲೆದ್ದಿತು. ಎಪ್ಪತ್ತರಲ್ಲಿ ಒಂದು.